ಹೊತ್ತಿಗೆ ಮುಂಚೆ ಕೂಗಿದ ಭೋಂಗಾ

ಕೈಗಡಿಯಾರ ಎಂಬುದು ಮದುವೆಯಲ್ಲಿ ಅಳಿಯನಿಗೆ ಮಾತ್ರ ಸಿಗುತ್ತಿದ್ದ ದಿನಗಳವು. ನಮ್ಮ ಓಣಿಯಲ್ಲಿ ಗೋಡೆ ಗಡಿಯಾರ ಇದ್ದದ್ದು ಪಕ್ಕದ ಮಾಬೂಬಿ ಕಾಕಿಯ ಮನೆಯಲ್ಲಿ ಮಾತ್ರ. ಅದನ್ನೂ ಯಾರೂ ಪೂರಾ ನಂಬುತ್ತಿರಲಿಲ್ಲ. ಮಧ್ಯಾಹ್ನದ ಭೋಂಗಾ ಕೂಗಿದ ಕೂಡಲೇ ಆಕೆಯ ಗಂಡ ಕಾಕಾ ಸ್ಟೂಲು ಹತ್ತಿ ಮುಳ್ಳನ್ನು ಸರಿಪಡಿಸುವುದು ಅವರ ಮನೆಯ ನಿತ್ಯದ ಪದ್ಧತಿ.

ಭೋಂಗಾ ಎಂದರೆ ಊರ ಹೊರಗಿನ ಹತ್ತಿ ಜಿನ್ನಿನ ಸೈರನ್ನು. ನವಲಗುಂದ ತಾಲೂಕಿನ ನಮ್ಮ ಸಣ್ಣ ಊರಿಗೆ ಅದೊಂದೇ ಕಾರ್ಖಾನೆ. ಮುಂಜಾನೆ ಕೆಲಸ ಶುರುವಾಗುವಾಗ, ಮಧ್ಯಾಹ್ನ ಊಟಕ್ಕೆ ಬಿಡುವಾಗ, ಮತ್ತೆ ಒಳಗೆ ಕರೆಯುವಾಗ, ಸಂಜೆ ಮನೆಗೆ ಕಳಿಸುವಾಗ ಅದು ಕೂಗುತ್ತಿತ್ತು. ಎಮ್ಮೆ ಹಿಂಡುವವರು, ಹಿಟ್ಟಿನ ಗಿರಣಿ ನಡೆಸುವವರು, ಶಾಲೆಯ ಮಾಸ್ತರರು ಎಲ್ಲರೂ ಅದಕ್ಕೆ ತಕ್ಕಂತೆ ನಡೆಯುತ್ತಿದ್ದರು. ಜಿನ್ನಿನಲ್ಲಿ ಕೆಲಸವಿಲ್ಲದವರಿಗೂ ಊಟದ ಹೊತ್ತು ಅದೇ.

ಹೋಳಿಯ ಬಣ್ಣ ಕೈಯಿಂದ ಹೋಗುವಷ್ಟರಲ್ಲಿ ಹತ್ತಿ ಬರಲು ಶುರುವಾಗುತ್ತಿತ್ತು. ತಿರ್ಲಾಪುರದ ಕಡೆಯಿಂದ ಅಂಡಗಿ ಹೇರಿದ ಚಕ್ಕಡಿಗಳು ಸಾಲುಗಟ್ಟಿ ಬರುತ್ತಿದ್ದವು. ಅಂಡಗಿ ಎಂದರೆ ಹತ್ತಿ ತುಳಿದು ತುಂಬಿದ ಆಳೆತ್ತರದ ಚೀಲ. ದಾರಿಬದಿಯ ಜಾಲಿಯ ಮುಳ್ಳಿಗೆ ಅವು ಉಜ್ಜಿ ಹೋದಲ್ಲೆಲ್ಲ ಎಳೆ ಎಳೆಯಾಗಿ ಹತ್ತಿ ಸಿಕ್ಕಿಕೊಳ್ಳುತ್ತಿತ್ತು. ಶಾಲೆ ಬಿಟ್ಟ ಮೇಲೆ ನಾವು ಅದನ್ನು ಬಿಡಿಸಿ ಲಂಗದ ಮಡಿಲಿಗೆ ತುಂಬಿಕೊಂಡು ಬರುತ್ತಿದ್ದೆವು. ಆಯಿ, ಅಂದರೆ ನನ್ನ ಅಪ್ಪನ ತಾಯಿ, ಅದರಲ್ಲಿ ದೀಪದ ಬತ್ತಿ ಹೊಸೆಯುತ್ತಿದ್ದಳು. ಮುಳ್ಳು ಚುಚ್ಚಿದ ಬೆರಳಿಗೆ ಅರಿಷಿಣ ಹಚ್ಚುತ್ತ, "ದೇವರಿಗೆ ದೀಪಾ ಹಚ್ಚೂದು ನಾನು, ರಕ್ತಾ ಕೊಡೂದು ನೀನು" ಎಂದು ನಗುತ್ತಿದ್ದಳು.

ಅಪ್ಪ ಚಕ್ಕಡಿ ಹೊಡೆಯುತ್ತಿದ್ದ. ಅವ್ವ ಜಿನ್ನಿನಲ್ಲಿ ಯಂತ್ರದ ಬಾಯಿಗೆ ಹತ್ತಿ ಉಣಿಸುತ್ತಿದ್ದಳು. ಯಂತ್ರ ಹತ್ತಿಯನ್ನು ತಿಂದು ಈಚೆಗೆ ಅರಳೆ, ಆಚೆಗೆ ಕಾಳು ಉಗುಳುತ್ತಿತ್ತು. ಮುಂಜಾನೆ ಕರಿಕೂದಲಿನಲ್ಲಿ ಹೋದ ಅವ್ವ ಮಧ್ಯಾಹ್ನ ಅರಳೆಯ ಧೂಳು ಹತ್ತಿ ಹುಬ್ಬೂ ಬೆಳ್ಳಗಾಗಿ ಬರುತ್ತಿದ್ದಳು. "ಬರ್ರಿ, ನನಗಿಂತಾ ಹಿರೇರು ಬಂದ್ರು" ಎಂದು ಆಯಿ ಒಲೆಯ ಮುಂದಿನಿಂದಲೇ ಚುಚ್ಚುತ್ತಿದ್ದಳು.

ಅತ್ತೆ ಸೊಸೆಯ ನಡುವೆ ಅಂಥ ಸವಿಮಾತೇನೂ ಇರಲಿಲ್ಲ. ಸೊಸೆ ಕೊಡ ತಿಕ್ಕಿದ್ದು ಸರಿಯಿಲ್ಲ, ಸಾರಿಗೆ ಉಪ್ಪು ಸಾಲದು, ಮಗಳಿಗೆ ಸಲಿಗೆ ಹೆಚ್ಚು. ಆಯಿಯ ದೂರು ದಿನವಿಡೀ ನಡೆದೇ ಇರುತ್ತಿತ್ತು. ಆದರೆ ಆರಿದ ರೊಟ್ಟಿಯನ್ನು ಆಕೆ ಒಂದು ದಿನವೂ ಅವ್ವನ ತಾಟಿಗೆ ಹಾಕಿದವಳಲ್ಲ. ಭೋಂಗಾ ಕೂಗಿದಾಗ ಒಲೆಯ ಮೇಲೆ ಹಂಚು ಇಟ್ಟು, ಕಲಸಿದ ಹಿಟ್ಟಿನಿಂದ ಮೊದಲ ರೊಟ್ಟಿ ಬಡಿಯುತ್ತಿದ್ದಳು. ಅದು ಹಂಚಿನ ಮೇಲೆ ಬಿದ್ದು, ನೀರು ಸವರಿಸಿಕೊಂಡು, ಮಗುಚಿ ಉಬ್ಬುವುದಕ್ಕೂ ಅವ್ವ ಹೊಸ್ತಿಲು ದಾಟುವುದಕ್ಕೂ ಸರಿಹೋಗುತ್ತಿತ್ತು. ಜಿನ್ನಿನ ಗೇಟಿನಿಂದ ನಮ್ಮ ಮನೆಯ ದೂರವನ್ನು ಆಯಿ ಅಳೆದದ್ದು ಹಾಗೆ.

ನಾನು ಹೇಳಹೊರಟ ದಿನ ಯುಗಾದಿಗೆ ಸ್ವಲ್ಪ ಮುಂಚಿನದು. ಅಪ್ಪ ಹತ್ತಿ ತರಲು ತಿರ್ಲಾಪುರದ ಕಡೆ ಹೋಗಿದ್ದ. ಮುಂಜಾನೆಯ ಶಾಲೆ ಮುಗಿಸಿ ಬಂದು, ಮನೆಯ ಮುಂದೆ ಗೆರೆ ಹಾಕಿ ಕುಂಟಾಬಿಲ್ಲೆ ಆಡುತ್ತಿದ್ದೆ. ಒಂದು ಕಾಲು ಮೇಲಿತ್ತು. ಆಗ ಭೋಂಗಾ ಕೂಗಿತು.

"ಇಷ್ಟ ಲಗೂನ ಹೊತ್ತಾತೇನ?" ಎಂದು ಆಯಿ ಹೊರಗೆ ಬಂದು ನೋಡಿದಳು. ಬೇವಿನ ಗಿಡದ ನೆರಳು ಇನ್ನೂ ಮಾಬೂಬಿ ಕಾಕಿಯ ಕಟ್ಟೆಯ ಮೇಲೇ ಇತ್ತು.

ಅಕ್ಕಿ ಆರಿಸುತ್ತ ಕೂತಿದ್ದ ಕಾಕಿ, "ಆಯಿ, ಬಸಣ್ಣನ ಹೇಣ್ತಿ ತವರಮನಿಗೆ ಹೋಗ್ಯಾಳಂತ. ಮುಂಜಾನಿ ಯಾರೂ ಏನೂ ಮಾಡಿಕೊಟ್ಟಿಲ್ಲ ಕಾಣತೈತಿ, ಹಸಿವಿ ತಾಳಲಾರದ ಬಟನ್ ಒತ್ತ್ಯಾನ" ಎಂದಳು. ಬಸಣ್ಣ ಕಾಕಾ ಜಿನ್ನಿನ ಎಂಜಿನ್ನು ನೋಡಿಕೊಳ್ಳುವವನು. ಭೋಂಗಾ ಕೂಗಿಸುವುದೂ ಅವನ ಕೆಲಸವೇ.

"ಒತ್ತಿದಾಂವ ಕೈ ತಗೀವಲ್ಲನಲ್ಲ ಬೇ. ಭಾಳ ಹಸದಾನ" ಎಂದಳು ಆಯಿ.

ನಿಜವಾಗಿಯೂ ಅದು ನಿಲ್ಲುತ್ತಿರಲಿಲ್ಲ. ಆದರೂ ನೆರಳು ಹೆಚ್ಚೋ ಭೋಂಗಾ ಹೆಚ್ಚೋ ಎಂದರೆ ನಮ್ಮ ಓಣಿಯಲ್ಲಿ ಭೋಂಗಾವೇ ಹೆಚ್ಚು. ಮಾಬೂಬಿ ಕಾಕಿಯ ಗಂಡ ಸ್ಟೂಲು ಹತ್ತಿ ಗಡಿಯಾರದ ಮುಳ್ಳನ್ನು ಮುಂದಕ್ಕೆ ತಿರುವಿದರು. ಹಿಟ್ಟಿನ ಗಿರಣಿ ನಿಂತಿತು. ಆಯಿ ಹಂಚು ಇಟ್ಟಳು. ಭೋಂಗಾ ಕೂಗುತ್ತ ಕೂಗುತ್ತ ಯಾರೋ ಕುತ್ತಿಗೆ ಹಿಚುಕಿದ ಹಾಗೆ ನಡುವೆಯೇ ನಿಂತುಹೋಯಿತು.

ಮೊದಲ ರೊಟ್ಟಿ ಉಬ್ಬಿತು. ಆಯಿ ಹೊಸ್ತಿಲ ಕಡೆ ನೋಡಿದಳು. ಅವ್ವ ಬರಲಿಲ್ಲ. ಎರಡನೆಯದೂ ಉಬ್ಬಿತು. "ಯಾಕ ಬರವಲ್ಲಳು ಇಕಿ?" ಎನ್ನುತ್ತ ರೊಟ್ಟಿಯ ಮೇಲೆ ಬಟ್ಟೆ ಮುಚ್ಚಿದಳು. ಆಮೇಲೆ ಮೂಗು ಅರಳಿಸಿ, "ಹಾಡಾಹಗಲ ಯಾರ ದೀಪಾ ಆರಿಸಿದ್ರಲೇ?" ಎಂದಳು.

ನನಗೂ ವಾಸನೆ ಬಂತು. ಬತ್ತಿ ಊದಿ ಆರಿಸಿದಾಗ ಬರುವ ವಾಸನೆಯೇ. ಆದರೆ ಅದು ದೇವರ ಗೂಡಿನಿಂದ ಬರುತ್ತಿರಲಿಲ್ಲ, ಓಣಿಯ ತುಂಬ ಇತ್ತು. ಹೊರಗೆ ಬಂದು ನೋಡಿದರೆ ಊರ ಹೊರಗಿನ ಆಕಾಶ ಕಂದು ಬಣ್ಣಕ್ಕೆ ತಿರುಗಿತ್ತು. ಯಾರೋ "ಜಿನ್ನಿಗೆ ಬೆಂಕಿ ಬಿದ್ದೈತ್ರೋ!" ಎಂದು ಒದರುತ್ತ ಓಡಿದರು. ಮಾಬೂಬಿ ಕಾಕಿ ಅಕ್ಕಿಯ ಮೊರವನ್ನು ಅಲ್ಲೇ ಬಿಟ್ಟು ಕೊಡ ಎತ್ತಿಕೊಂಡು ಕೆರೆಯ ಕಡೆ ಓಡಿದಳು.

ಆಯಿ ಏಳಲಿಲ್ಲ. "ನೀಲಾ, ಓಡು. ಗೇಟಿನ ತನಕಾ ಹೋಗಿ ನಿಮ್ಮವ್ವನ್ನ ನೋಡಿ ಬಾ. ಒಳಗ ಕಾಲಿಟ್ಟಿ ಅಂದ್ರ ಕಾಲ ಮುರೀತೀನಿ."

"ನೀನೂ ಬಾ ಆಯಿ."

"ನಾ ಬಂದ್ರ ರೊಟ್ಟಿ ಯಾರ ಬಡೀತಾರ? ಅಕಿ ಬರೂ ಹೊತ್ತಾತು."

ಜಿನ್ನಿನ ಗೇಟಿನ ಎದುರು, ರಸ್ತೆಯ ಆಚೆ, ಹುಣಸೆ ಗಿಡದ ಕೆಳಗೆ ಕೆಲಸದ ಹೆಣ್ಣುಮಕ್ಕಳೆಲ್ಲ ಕೂತಿದ್ದರು. ಎಲ್ಲರ ತಲೆಯೂ ಬೆಳ್ಳಗೆ. ದೂರದಿಂದ ಎಲ್ಲರೂ ಅವ್ವನ ಹಾಗೇ ಕಾಣುತ್ತಿದ್ದರು. ಒಬ್ಬೊಬ್ಬರ ಮುಖ ನೋಡುತ್ತ ಹೋದೆ. ಗಂಡಸರು ಕೊಡಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಉರಿಯುವ ಹತ್ತಿಯ ಮೇಲೆ ಬಿದ್ದ ನೀರು ಚೊಂಯ್ ಎಂದು ಅಲ್ಲೇ ಹಾರಿಹೋಗುತ್ತಿತ್ತು. ಬೆಂಕಿ ಆರಿಸುವ ಗಾಡಿ ದೂರದಿಂದ ಬರಬೇಕಿತ್ತು.

ಒಳಗೆ ನಡೆದದ್ದನ್ನು ಆ ಹೆಣ್ಣುಮಕ್ಕಳು ಆಮೇಲೆ ಬಹಳ ವರ್ಷ ಹೇಳಿಕೊಂಡು ನಗುತ್ತಿದ್ದರು. ಜಿನ್ನಿನಲ್ಲಿ ಒಂದು ಪದ್ಧತಿಯಿತ್ತು. ಊಟಕ್ಕೆ ಬಿಟ್ಟಾಗ ಎಲ್ಲರೂ ಗೇಟಿನ ಸಣ್ಣ ಬಾಗಿಲ ಮುಂದೆ ಸಾಲು ನಿಲ್ಲಬೇಕು. ದ್ಯಾಮವ್ವ ಎಂಬ ಹಿರಿಯ ಹೆಂಗಸು ಅಲ್ಲಿ ಕೂತಿರುತ್ತಿದ್ದಳು. ಆಕೆಯ ಮುಂದೆ ಸೆರಗು ಝಾಡಿಸಿ, ಒಳಗಿನ ಹತ್ತಿ ಹೊರಗೆ ಹೋಗುತ್ತಿಲ್ಲ ಎಂದು ತೋರಿಸಿ ದಾಟಬೇಕು. ಅವತ್ತೂ ಭೋಂಗಾ ಕೂಗಿದ್ದು ಊಟಕ್ಕೇ ಎಂದು ತಿಳಿದು ಎಲ್ಲರೂ ಸಾಲು ನಿಂತಿದ್ದರು. "ಎಕ್ಕಾ, ಬೆನ್ನಿಗೆ ಬಿಸಿ ಹತ್ತಾಕತ್ತೇತಿ" ಎಂದು ಒಬ್ಬಳು ಅಂದದ್ದಕ್ಕೆ ದ್ಯಾಮವ್ವ, "ಬ್ಯಾಸಗ್ಯಾಗ ಬಿಸಿ ಹತ್ತಲಾರದ ತಂಪ ಹತ್ತತೈತೇನ? ಝಾಡಸ, ಝಾಡಸ" ಎಂದಳಂತೆ. ಅರ್ಧ ಸಾಲು ದಾಟಿದ ಮೇಲೆಯೇ ಅವರಿಗೆ ಹೊಗೆ ಕಂಡದ್ದು. ಹಾಗಾಗಿ ಆ ಸಣ್ಣ ಬಾಗಿಲಲ್ಲಿ ನೂಕಾಟವಾಗಲಿಲ್ಲ, ಯಾರೂ ಬೀಳಲಿಲ್ಲ.

ಆದರೆ ನಾನು ಅಲ್ಲಿ ನಿಂತಾಗ ಯಾರೂ ನಗುತ್ತಿರಲಿಲ್ಲ. "ನಮ್ಮವ್ವ ಎಲ್ಲಿ?" ಎಂದು ಕೇಳಿದೆ.

"ಗೌರವ್ವ ನನ್ನ ಬೆನ್ನಿಗೇ ಇದ್ಲಲ್ಲ" ಎಂದಳು ಒಬ್ಬಳು.

"ಇಲ್ಲ" ಎಂದಳು ದ್ಯಾಮವ್ವ. "ಗೌರವ್ವ ನನ್ನ ಮುಂದ ಸೆರಗ ಝಾಡಿಸಿಲ್ಲ."

ದ್ಯಾಮವ್ವ ಇಲ್ಲ ಅಂದರೆ ಇಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಬಸಣ್ಣ ಕಾಕಾ ಹಸಿ ಗೋಣಿಚೀಲ ಹೊದ್ದು ಒಳಗೆ ನುಗ್ಗಲು ಹೋದ. ಆಳುಗಳು ರಟ್ಟೆ ಹಿಡಿದು ನಿಲ್ಲಿಸಿದರು. "ಬಿಡ್ರಲೇ, ಒಳಗ ಅಕ್ಕಾ ಅದಾಳಲೇ" ಎಂದು ಅವನು ಕೊಸರಾಡುತ್ತಿರುವಾಗಲೇ ತಗಡಿನ ಮಾಡು ಒಂದು ಮಗ್ಗುಲಿಗೆ ಕುಸಿಯಿತು. ಆ ಸದ್ದಿಗೆ ಗಿಡದ ಹಕ್ಕಿಗಳೆಲ್ಲ ಹಾರಿದವು. ನಾನು ಅಳಲಿಲ್ಲ. ಬಟ್ಟೆ ಮುಚ್ಚಿಟ್ಟ ಆ ಎರಡು ರೊಟ್ಟಿಗಳೇ ಕಣ್ಣ ಮುಂದೆ ಬರುತ್ತಿದ್ದವು.

ದ್ಯಾಮವ್ವ ನನ್ನ ಕೈ ಹಿಡಿದಳು. "ನಡಿ ತಂಗಿ. ನಿಮ್ಮ ಆಯಿಗೆ ನಾನ ಹೇಳತೀನಿ."

ಮನೆಯೊಳಗೆ ಆಯಿ ಇನ್ನೂ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ರೊಟ್ಟಿಯ ರಾಶಿ ಬಿದ್ದಿತ್ತು. ವಾರಕ್ಕೆಂದು ಬೀಸಿಸಿ ತಂದ ಹಿಟ್ಟೆಲ್ಲ ಹರಿವಾಣಕ್ಕೆ ಬಂದಿತ್ತು. ನಮ್ಮಿಬ್ಬರನ್ನು ನೋಡಿದಳು, ನಮ್ಮ ಹಿಂದೆ ನೋಡಿದಳು. ಇನ್ನೊಂದು ಮುದ್ದೆ ಹಿಟ್ಟು ತೆಗೆದುಕೊಂಡು ಬಡಿಯತೊಡಗಿದಳು. ದ್ಯಾಮವ್ವ ಹೊಸ್ತಿಲ ಬಳಿಯೇ ನಿಂತಳು. ಮನೆಯಲ್ಲಿ ಟಪ್ ಟಪ್ ಎಂಬ ಅದೊಂದೇ ಸದ್ದು.

ಆಗ ಹಿತ್ತಲ ಬಾಗಿಲಿನ ಚಿಲಕ ಸದ್ದಾಯಿತು.

ಬಂದವಳು ಅವ್ವ. ದಿನಾ ಬೆಳ್ಳಗೆ ಬರುತ್ತಿದ್ದವಳು ಅವತ್ತು ಮಸಿ ಬಳಿದ ಹಾಗೆ ಕರ್ರಗೆ ಬಂದಿದ್ದಳು. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಆಯಿ ಆಕೆಯನ್ನು ತಲೆಯಿಂದ ಕಾಲಿನವರೆಗೆ ನೋಡಿ, "ರೊಟ್ಟಿ ಎಲ್ಲಾ ಆರಿದ್ವು. ಕುಂಡ್ರು, ಬಿಸೇದ ಮಾಡಿ ಹಾಕತೀನಿ" ಎಂದಳು. ಹೇಳಿದವಳ ಕೈಯಿಂದ ಹಿಟ್ಟು ಜಾರಿ ಕೆಳಗೆ ಬಿತ್ತು. ಆಯಿಯ ಕೈಯಿಂದ ಹಿಟ್ಟು ಜಾರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಡೆದದ್ದು ಇಷ್ಟು. ಅವ್ವನ ಯಂತ್ರದ ಮೇಲೆ ತಗಡಿನಲ್ಲಿ ಒಂದು ತೂತಿತ್ತು. ಅದರಿಂದ ಬೀಳುವ ಬಿಸಿಲಿನ ಬಿಲ್ಲೆ ಊಟದ ಹೊತ್ತಿಗೆ ಆಕೆಯ ಕಾಲ ಹತ್ತಿರ ಬರುತ್ತಿತ್ತು. ಅವತ್ತು ಭೋಂಗಾ ಕೂಗಿದಾಗ ಬಿಲ್ಲೆ ಇನ್ನೂ ದೂರವಿತ್ತು. ಎಂಜಿನ್ನೂ ನಿಂತಿರಲಿಲ್ಲ. ಬಸಣ್ಣ ಕಾಕಾ ಬಟನ್ ಒತ್ತಿ, ಎಂಜಿನ್ನು ನಿಲ್ಲಿಸುವುದನ್ನು ಮರೆತು ನೀರಿಗೆ ಓಡಿದ್ದ. "ಬಸಣ್ಣ ತಪ್ಪಿ ಒತ್ತ್ಯಾನಂತ ಹತ್ತಿ ಹಾಕ್ಕೋತನ ಕುಂತೆ. ನೋಡ್ತೀನಿ, ನೆಲದ ಮ್ಯಾಲಿನ ಬಿಸಲ ಇಲ್ಲದಂಗಾತು" ಎಂದಳು ಅವ್ವ. ಹೊಗೆ ಸೂರ್ಯನನ್ನು ಮುಚ್ಚಿತ್ತು. ತಲೆ ಎತ್ತಿದರೆ ಗೇಟಿನ ಕಡೆಯ ಬಾಗಿಲು ಉರಿಯುತ್ತಿತ್ತು. ಹತ್ತಿಕಾಳು ತುಂಬಿದ ಹಿಂದಿನ ಕೋಣೆಗೆ ಇಳಿದು, ಕಾಳಿನಲ್ಲಿ ಮೊಣಕಾಲು ಮಟ ಹೂತು ನಡೆದು, ಹೊಲದ ಕಡೆಯ ಬಾಗಿಲಿನಿಂದ ಹೊರಬಿದ್ದಿದ್ದಳು.

"ಗೇಟಿಗೆ ಯಾಕ ಬರಲಿಲ್ಲ ಬೇ? ನಮ್ಮ ಜೀವಾ ತಗದಿ!" ಎಂದು ದ್ಯಾಮವ್ವ ಬೈದಳು.

"ಊಟಕ್ಕ ಬಿಟ್ಟಾರಲ್ಲ ಅಂತ ಸೀದಾ ಬಂದೆ. ರೊಟ್ಟಿ ಆರತಾವು" ಎಂದಳು ಅವ್ವ. ಹೆದರಿಕೆಗೆ ಹಾಗೆ ಹೇಳಿದಳೋ, ನಿಜವಾಗಿ ಹಾಗೆ ಅನ್ನಿಸಿತ್ತೋ, ನನಗೆ ಈಗಲೂ ಗೊತ್ತಿಲ್ಲ.

ದ್ಯಾಮವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಝಾಡಸ, ಸೆರಗ ಝಾಡಸ ನನ್ನ ಮುಂದ" ಎಂದಳು. ಅವ್ವ ನಿಂತು ಝಾಡಿಸಿದಳು. ಮಸಿಯೂ ನಾಲ್ಕಾರು ಹತ್ತಿಕಾಳೂ ನೆಲಕ್ಕೆ ಉದುರಿದವು. "ಕಾಳ ಕದ್ದಾಳ ನೋಡ್ರಿ ಇಕಿ" ಎಂದಳು ದ್ಯಾಮವ್ವ. ಮೊದಲು ನಕ್ಕದ್ದು ಆಯಿ. ರಾಶಿ ಬಿದ್ದಿದ್ದ ರೊಟ್ಟಿಗೆ ಶೇಂಗಾ ಚಟ್ನಿ ಸವರಿ, ಬೆಂಕಿ ಆರಿಸುವವರಿಗೆಂದು ಬುಟ್ಟಿ ತುಂಬಿ ದ್ಯಾಮವ್ವನ ತಲೆಯ ಮೇಲೆ ಹೊರಿಸಿದಳು.

ಹತ್ತಿಯಲ್ಲಿ ಬಂದ ಸಣ್ಣ ಕಲ್ಲು ಕಬ್ಬಿಣಕ್ಕೆ ಬಡಿದು ಕಿಡಿ ಹಾರಿತು ಎಂದರು ಜನ. ಬಸಣ್ಣ ಕಾಕಾ ಬುದ್ಧಿವಂತಿಕೆಯಿಂದಲೇ ಊಟದ ಭೋಂಗಾ ಕೂಗಿಸಿ ಎಲ್ಲರನ್ನೂ ಉಳಿಸಿದ ಎಂದೂ ಹೊಗಳಿದರು. "ಬುದ್ಧಿ ಎಲ್ಲೀದ್ರಿ? ಕೈಗೆ ಬಟನ್ ಸಿಕ್ತು, ಒತ್ತಿದೆ" ಎನ್ನುತ್ತಿದ್ದ ಅವನು. ಒತ್ತಿ ಕಟ್ಟಿದ ಅರಳೆ ಒಳಗೊಳಗೇ ಬಹಳ ದಿನ ಬೇಯುತ್ತಿತ್ತು. ಆ ಯುಗಾದಿಯ ಹೋಳಿಗೆಗೂ ಆರಿದ ಬತ್ತಿಯ ವಾಸನೆಯಿತ್ತು.

ಜಿನ್ನನ್ನು ಮತ್ತೆ ಕಟ್ಟಲಿಲ್ಲ. ಕೆಲವು ಹೆಣ್ಣುಮಕ್ಕಳು ಬೇರೆ ಊರಿನ ಜಿನ್ನುಗಳಿಗೆ ಹೋದರು. ಅವ್ವ ಹತ್ತಿ ಬಿಡಿಸಲು ಹೊಲಗಳಿಗೆ ಹೋಗತೊಡಗಿದಳು. ಅವಳು ಬರುವ ಹೊತ್ತು ದಿನಕ್ಕೊಂದಾಯಿತು. ಆಯಿ ಒಲೆಯ ಒಂದು ಕಟ್ಟಿಗೆ ಮುಂದಕ್ಕೆ ತಳ್ಳಿ, ಮತ್ತೆ ಹಿಂದಕ್ಕೆಳೆದು, ಕಿವಿಗೊಟ್ಟು ಕೂತಿರುತ್ತಿದ್ದಳು. ಮಾಬೂಬಿ ಕಾಕಿಯ ಮನೆಯ ಗಡಿಯಾರ ಅವತ್ತು ಮುಂದೆ ಓಡಿದ್ದು ಬಹಳ ದಿನ ಮುಂದೆಯೇ ಇತ್ತು. ಯಾವುದನ್ನು ನೋಡಿ ಹಿಂದಕ್ಕೆ ತರಬೇಕೆಂದು ಕಾಕಾಗೆ ತಿಳಿಯಲಿಲ್ಲ.

ಈಗ ಆಯಿ ಇಲ್ಲ, ಅವ್ವನೂ ಇಲ್ಲ. ಜಿನ್ನಿನ ಜಾಗದಲ್ಲಿ ಮನೆಗಳೆದ್ದಿವೆ. ಆ ದಾರಿಯ ಜಾಲಿಯ ಮುಳ್ಳಿಗೆ ಈಗ ಸಿಕ್ಕಿಕೊಳ್ಳುವುದು ಪ್ಲಾಸ್ಟಿಕ್ ಚೀಲ. ದೀಪದ ಬತ್ತಿಯನ್ನು ನಾನೂ ಅಂಗಡಿಯಿಂದಲೇ ತರುತ್ತೇನೆ. ನಮ್ಮ ಮನೆಯಲ್ಲಿ ನಾಲ್ಕು ಮೊಬೈಲುಗಳಿವೆ, ನಾಲ್ಕರಲ್ಲೂ ಒಂದೇ ಹೊತ್ತು ಇರುತ್ತದೆ. ಆದರೆ ಉಣ್ಣಲು ಬರುವ ಹೊತ್ತು ಮಾತ್ರ ಒಬ್ಬೊಬ್ಬರದು ಒಂದೊಂದು. ರೊಟ್ಟಿ ಬಡಿದು ಡಬ್ಬಿಗೆ ಹಾಕಿ ಮುಚ್ಚಿಡುತ್ತೇನೆ. ಮುಚ್ಚಿದ ಬಿಸಿಗೆ ಅವು ಬೆವರಿ ಮೆತ್ತಗಾಗುತ್ತವೆ. ಯಾರೂ ತಕರಾರು ಮಾಡುವುದಿಲ್ಲ. ಉಬ್ಬಿದ ರೊಟ್ಟಿಯನ್ನು ಹಂಚಿನಿಂದಲೇ ತಾಟಿಗೆ ಹಾಕಿಸಿಕೊಂಡು ಉಂಡ ನೆನಪು ಅವರಿಗೆ ಇದ್ದರಲ್ಲವೇ?

ಆ ಜಿನ್ನು ನಮ್ಮದಾಗಿರಲಿಲ್ಲ. ಒಳಗಿನ ಹತ್ತಿಯ ಒಂದು ಎಳೆಯೂ ನಮ್ಮದಾಗಿರಲಿಲ್ಲ. ಆದರೂ ಇಡೀ ಓಣಿಗೆ ಒಮ್ಮೆಲೇ ಹಸಿವಾಗುವುದು ಅಂತ ಒಂದಿತ್ತು. ಎಲ್ಲರ ಮನೆಯ ಹಂಚೂ ಒಮ್ಮೆಲೇ ಕಾಯುತ್ತಿತ್ತು. ಅದು ಆ ಬೆಂಕಿಯಲ್ಲಿ ಹೋಯಿತು. ಈಗಲೂ ಮೊದಲ ರೊಟ್ಟಿ ಉಬ್ಬಿದಾಗ ನನ್ನ ಕಣ್ಣು ಹೊಸ್ತಿಲಿಗೆ ಹೋಗುತ್ತದೆ, ಆಮೇಲೆ ಹಿತ್ತಲ ಬಾಗಿಲಿಗೆ.