ಒತ್ತಿ ಹಿಡಿಯುವವರಿಗಾಗಿ

ಮಸ್ಕಿಯ ಸುತ್ತ ಪಂಪ್‌ಸೆಟ್ ಮೋಟರ್ ಸುಟ್ಟರೆ ರೈತರು ದೇವರಿಗಿಂತ ಮೊದಲು ನೆನೆಯುವುದು ಹುಸೇನಮ್ಮನನ್ನು. ಗಂಡ ಮುದುಕಪ್ಪನಿಂದ ಮೋಟರಿಗೆ ತಂತಿ ಸುತ್ತುವ ವೈಂಡಿಂಗ್ ಕೆಲಸ ಕಲಿತವಳು ಈಗ ಅವನಿಗೇ ತಪ್ಪು ತೋರಿಸುತ್ತಾಳೆ. ಇಪ್ಪತ್ತು ವರ್ಷದಿಂದ ವಿಜ್ಞಾನ ಕಲಿಸುತ್ತಿರುವ ನಾನು ಯಾರನ್ನೂ ಸುಮ್ಮನೆ ಹೊಗಳುವವಳಲ್ಲ. ಇವಳನ್ನು ಮಾತ್ರ ಹೊಗಳದೆ ವಿಧಿಯಿಲ್ಲ.

ನಮ್ಮ ಶಾಲೆಯಲ್ಲಿ ಮೇಜಿನ ಮೇಲೆ ಪುಟ್ಟ ರೈಲಿನ ಮಾದರಿ ಮಾಡಿದೆವು. ರೈಲು ಸಿಂಧನೂರಿಗೋ ಲಿಂಗಸುಗೂರಿಗೋ ಹೊರಳುವಂತೆ ಹಳಿ ಸರಿಸುವ ತಾಮ್ರದ ತಂತಿಯ ಕಾಯಿಲ್‌ಗಳನ್ನು ಸುತ್ತಿಕೊಟ್ಟವಳು ಹುಸೇನಮ್ಮ. ಹಳಿ ಸರಿಸಲು ಗುಂಡಿ ಒತ್ತಿ ತಕ್ಷಣ ಬಿಡಬೇಕು. ಒತ್ತಿಯೇ ಹಿಡಿದರೆ ಕಾಯಿಲ್ ಸುಡುತ್ತದೆ.

ನೋಡಲು ಬಂದ ಪಾಲಕರು ಬೆರಳು ತೆಗೆದರೆ ತಾನೇ! ಎರಡು ಸಲ ಹೊಗೆ ಎದ್ದಿತು. "ಇನ್ನೊಮ್ಮಿ ಸುಟ್ರ ಇದನ್ನ ಸ್ಟೋರ್ ರೂಮಿಗೆ ಹಾಕಿಸ್ತೀನಿ ನೋಡ್ರಿ" ಎಂದರು ಹೆಡ್‌ಮಾಸ್ತರರು. ಹೆಂಗಸಿನ ವೈಂಡಿಂಗ್ ಎಂದು ನಕ್ಕವರೂ ಇದ್ದರು. ನನಗೆ ಮೈಯೆಲ್ಲ ಉರಿಯಿತು. ಗುಂಡಿ ಒತ್ತಿ ಹಿಡಿಯಬಾರದೆಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದೆ.

ಹುಸೇನಮ್ಮ ಅದನ್ನು ಓದಿ ನಕ್ಕಳು.

"ಅವರ ಕೈದೇನು ತಪ್ಪೈತ್ರೀ ಟೀಚರ್? ಹೊಲದಾಗ ಮೋಟರ್ ಸ್ಪೀಡ್ ಎತ್ತೋತನಕ ಸ್ಟಾರ್ಟರ್ ಗುಂಡಿ ಬಿಡಂಗಿಲ್ಲ ಅವ್ರು. ಕೈ ಬದ್ಲಿ ಆಗಂಗಿಲ್ಲ. ಮಷೀನ ಬದ್ಲಿ ಮಾಡೋಣು."

ಮರುದಿನ ಪಂಪ್‌ಸೆಟ್ಟಿನ ಹಳೆಯ ಕಂಡೆನ್ಸರ್ ತಂದು ಜೋಡಿಸಿದಳು. ಕರೆಂಟು ಮೊದಲು ಅದರಲ್ಲಿ ತುಂಬಿಕೊಳ್ಳುತ್ತದೆ. ಗುಂಡಿ ಒತ್ತಿದರೆ ತುಂಬಿದ್ದನ್ನೆಲ್ಲ ಒಂದೇ ಏಟಿಗೆ ಕಾಯಿಲ್‌ಗೆ ಕೊಟ್ಟು ಖಾಲಿಯಾಗುತ್ತದೆ. ಬೆರಳು ತೆಗೆಯುವವರೆಗೆ ಮತ್ತೆ ತುಂಬುವುದಿಲ್ಲ, ಹಾಗಾಗಿ ಎಷ್ಟು ಹೊತ್ತು ಒತ್ತಿ ಹಿಡಿದರೂ ಕಾಯಿಲ್ ಸುಡುವುದಿಲ್ಲ. ಈ ಪಾಠವನ್ನು ನಾನು ವರ್ಷ ವರ್ಷವೂ ಮಾಡುತ್ತೇನೆ, ಆದರೂ ಹೊಳೆದಿರಲಿಲ್ಲ. ನಾಚಿಕೆಯಾಯಿತು, ಖುಷಿಯೂ ಆಯಿತು.

ಶನಿವಾರ ಹೆಡ್‌ಮಾಸ್ತರರು ಕೈಕಟ್ಟಿ ಮೇಜಿನ ಪಕ್ಕದಲ್ಲೇ ನಿಂತರು. ಪಾಮನಕಲ್ಲೂರಿನ ರೈತ ವಿರೇಶ ಗುಂಡಿಯ ಮೇಲೆ ಹೆಬ್ಬೆರಳು ಊರಿದ. ಟಕ್ಕೆಂದು ಹಳಿ ಸರಿಯಿತು, ರೈಲು ಲಿಂಗಸುಗೂರಿನ ಕಡೆ ಹೊರಳಿತು. ಬೆರಳು ಮಾತ್ರ ಅಲ್ಲೇ ಇತ್ತು.

"ಬಿಡ್ರೀ, ಬಿಡ್ರೀ!" ಎಂದು ಎಲ್ಲ ತಿಳಿದೂ ಕೂಗಿಬಿಟ್ಟೆ.

ವಿರೇಶ ಗಾಬರಿಯಾಗಿ ಕೈ ತೆಗೆಯಹೊರಟ. ಹುಸೇನಮ್ಮ ತಡೆದಳು.

"ಬಿಡಬ್ಯಾಡಣ್ಣ. ರೈಲು ಸುತ್ತು ಹೊಡೆದು ಬರೋತನಕ ಹಂಗ ಹಿಡಿ."

ರೈಲು ನಿಧಾನವಾಗಿ ಸುತ್ತು ಮುಗಿಸಿತು. ಹೆಡ್‌ಮಾಸ್ತರರು ಬಗ್ಗಿ ಕಾಯಿಲ್ ಮುಟ್ಟಿ ನೋಡಿದರು. ತಣ್ಣಗಿತ್ತು.

"ಹುಸೇನಮ್ಮ," ಎಂದರು, "ನಾನೂ ಒಮ್ಮಿ ಒತ್ತಿ ಹಿಡೀಲೇನವ್ವಾ?"