ಕೈ ಜಗ್ಗದ ಬ್ಯಾಟರಿ

ಬಂಗಾರಪೇಟೆ ಹತ್ತಿರದ ಕೋರಮಂಡಲ್‌ನ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನಾನೊಂದು ವಿಮಾನ ಕಟ್ಟುತ್ತಿದ್ದೇನೆ. ಇಬ್ಬರು ಒತ್ತಿಕೊಂಡು ಕೂರುವಷ್ಟು ಪುಟ್ಟದು. ಅದಕ್ಕೆ ಹಾಕುವ ಪ್ರತಿ ಸಾಮಾನನ್ನೂ ಮೊದಲು ತೂಗಬೇಕು. ಹಾಗಾಗಿ ಬಂಗಾರಪೇಟೆಯ ಬ್ಯಾಟರಿ ಅಂಗಡಿಗೂ ಅಡುಗೆಮನೆಯ ತಕ್ಕಡಿ ಹಿಡಿದೇ ಹೋದೆ.

ಅಂಗಡಿಯ ನಾರಾಯಣಪ್ಪ ಟ್ರ್ಯಾಕ್ಟರಿನವರಿಗೆ ಬ್ಯಾಟರಿ ಮಾರಿಯೇ ಮುದುಕರಾದವರು. ಅಲ್ಲಿ ಗಿರಾಕಿ ಬ್ಯಾಟರಿ ಎತ್ತಿ ನೋಡುತ್ತಾನೆ; ಭಾರಕ್ಕೆ ಕೈ ಜಗ್ಗಿದರೆ ಒಳಗೆ ಸೀಸ ಚೆನ್ನಾಗಿದೆ ಎಂದು ಲೆಕ್ಕ. ನಾನು, "ಇರೋದ್ರಲ್ಲೆಲ್ಲ ಹಗುರದ್ದು ಕೊಡಿ ಅಣ್ಣಾ" ಅಂದದ್ದಕ್ಕೆ ಅವರ ಮುಖ ಸಣ್ಣಗಾಯಿತು.

ಕೊನೆಗೆ, ಯಾರೋ ರೇಸ್ ಬೈಕಿಗೆಂದು ತರಿಸಿ ಬಿಟ್ಟುಹೋಗಿದ್ದ ಲಿಥಿಯಂ ಬ್ಯಾಟರಿಯನ್ನು ಎರಡೇ ಬೆರಳಲ್ಲಿ ಹಿಡಿದು ತಂದರು.

"ಖಾಲಿ ಡಬ್ಬ ಇದ್ದಂಗದೆ ಸಾರ್. ಯಾವ ಗಾಡಿಗೆ?"

"ವಿಮಾನಕ್ಕೆ."

ಅವರು ನಗಲಿಲ್ಲ. "ಮ್ಯಾಲೆ ನಿಂತೋದ್ರೆ ತಳ್ಳಕ್ಕೆ ಯಾರು ಬತ್ತಾರೆ ಸಾರ್?"

ಬ್ಯಾಟರಿ ನೆಲದ ಮೇಲೆ ಇಂಜಿನ್ ಸ್ಟಾರ್ಟ್ ಮಾಡಿಕೊಟ್ಟರೆ ಸಾಕು, ಆಮೇಲೆ ಇಂಜಿನ್ ತನ್ನ ಕಿಡಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ ಎಂದು ವಿವರಿಸಿದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಬ್ಯಾಟರಿ ಕೊಂಡವರಿಗೆಲ್ಲ ಡ್ಯಾಶ್‌ಬೋರ್ಡಿಗೆ ಒಂದು ಪ್ಲಾಸ್ಟಿಕ್ ದೇವರು ಕೊಡುವುದು ಆ ಅಂಗಡಿಯ ಪದ್ಧತಿ. ನನಗೆ ಮಾತ್ರ ಗಲ್ಲಾಪೆಟ್ಟಿಗೆಯ ಮೇಲೆ ಕೂತಿದ್ದ ತಮ್ಮ ಹಿತ್ತಾಳೆಯ ಆಂಜನೇಯನನ್ನೇ ಎತ್ತಿ, ಪಂಚೆಯ ಚುಂಗಿನಲ್ಲಿ ಒರೆಸಿ ಕೊಟ್ಟರು.

"ಇವ್ನು ಜೊತೇಲಿರ್ಲಿ. ಗಾಳಿಯೆಲ್ಲ ಇವರಪ್ಪಂದೇ."

ನನ್ನ ಕೈ ಜಗ್ಗಿತು. ಆದರೂ ಬೇಡ ಎನ್ನದೆ ತೆಗೆದುಕೊಂಡೆ.

ಈಗ ಆಂಜನೇಯ ವಿಮಾನದ ಮೀಟರುಗಳ ಪಕ್ಕ ಗಟ್ಟಿಯಾಗಿ ಕೂತಿದ್ದಾನೆ. ಅವನ ತೂಕ ಸರಿದೂಗಿಸಲು ನಾನು ಎರಡನೇ ಮುದ್ದೆ ಬಿಟ್ಟಿದ್ದೇನೆ.