ಹಮೀದ್ ಬಿಡಿಸಿದ ಕೋಣೆ

ಕರಾವಳಿಯ ಉಪ್ಪಳದಲ್ಲಿ ಬಾಡಿಗೆ ಮನೆ ಕೇಳಲು ಹೋದ ಮೊದಲ ದಿನ ನಾನು ಅಚ್ಚ ಕನ್ನಡದಲ್ಲೇ ಮಾತಾಡಿದೆ. ಮನೆಯೊಡತಿ ಪೂರ್ತಿ ಕೇಳಿಸಿಕೊಂಡು, ಒಳಗಿದ್ದ ಮಗಳನ್ನು ಕೂಗಿದರು: "ಇಲ್ಲಿ ಬಾ, ಇವರು ಎಂತ ಹೇಳುವುದು ನೋಡು." ಕನ್ನಡವೆಂದರೆ ನಮ್ಮ ಮನೆಯ ಆಸ್ತಿ ಎಂಬಂತೆ ವಿಜಯಪುರದಲ್ಲಿ ಬೆಳೆದವಳಿಗೆ ಇದಕ್ಕಿಂತ ದೊಡ್ಡ ಏಟು ಬೇಕೆ!

ನಮ್ಮಲ್ಲಿ "ಐತಿ", ಇಲ್ಲಿ "ಉಂಟು". ನಮ್ಮಲ್ಲಿ ರೊಟ್ಟಿ, ಇಲ್ಲಿ ಕುಚ್ಚಲಕ್ಕಿ ಗಂಜಿ. ಅದರ ದಪ್ಪ ಅಗುಳು ಮೊದಮೊದಲು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಭಾನುವಾರಗಳಲ್ಲಿ ಮಾತಾಡಲು ಯಾರೂ ಇಲ್ಲದೆ ಅತ್ತದ್ದೂ ಇದೆ. ಈಗ ಗಂಜಿಯಿಲ್ಲದಿದ್ದರೆ ಊಟವಾಯಿತು ಅನ್ನಿಸುವುದಿಲ್ಲ.

ಬಂದದ್ದು ಆರ್ಟ್ ಥೆರಪಿಯ ಕೆಲಸಕ್ಕೆ. ಚಿತ್ರ ಕಲಿಸುವುದಲ್ಲ ಅದು. ನಾಲಿಗೆಗೆ ಬಾರದ ನೋವು ಗೆರೆಯಲ್ಲೋ ಬಣ್ಣದಲ್ಲೋ ಹೊರಗೆ ಬರಲು ದಾರಿ ಮಾಡಿಕೊಡುವುದು. ಎಷ್ಟು ವಿವರಿಸಿದರೂ ಅಷ್ಟೆ, ಇಲ್ಲಿ ಏನಾದರೂ ಹೇಳಿಕೊಡುವ ಹೆಂಗಸೆಲ್ಲ ಟೀಚರ್. ನಾನೂ ಟೀಚರ್ ಆದೆ.

ಹಮೀದ್‌ರನ್ನು ನಮ್ಮ ಕೇಂದ್ರಕ್ಕೆ ಕರೆತಂದವರು ಅವರ ಉಮ್ಮ, ಎಂದರೆ ತಾಯಿ. (ಹೆಸರುಗಳನ್ನು ಬದಲಿಸಿದ್ದೇನೆ, ಬರೆಯಲು ಎಲ್ಲರ ಒಪ್ಪಿಗೆಯಿದೆ.) ಗಲ್ಫಿನಲ್ಲಿ ಹಮೀದ್ ಓಡಿಸುತ್ತಿದ್ದ ಪಿಕಪ್‌ಗೆ ಲಾರಿ ಗುದ್ದಿ, ಪಕ್ಕದಲ್ಲಿ ಕೂತಿದ್ದ ಗೆಳೆಯ ದಿನೇಶ ತೀರಿಕೊಂಡಿದ್ದ. ಇಬ್ಬರೂ ವರ್ಷಗಟ್ಟಲೆ ಒಂದೇ ಕೋಣೆಯಲ್ಲಿದ್ದವರು. ಇಲ್ಲೇ ಹತ್ತಿರದ ಬೆಳ್ಳೂರಿನಿಂದ ದಿನೇಶನ ತಾಯಿ ಸರೋಜಕ್ಕ, ಒಮ್ಮೆ ಬಂದು ಹೋಗು ಎಂದು ಹೇಳಿ ಕಳಿಸುತ್ತಲೇ ಇದ್ದರು. ಊರಿಗೆ ಮರಳಿದ್ದ ಹಮೀದ್‌ಗೆ ಆ ತಾಯಿಯ ಎದುರು ನಿಲ್ಲುವ ಧೈರ್ಯವಿರಲಿಲ್ಲ. ಹೋಗದೆ ನೆಮ್ಮದಿಯೂ ಇರಲಿಲ್ಲ. ಮಾತು ತೀರಾ ಕಡಿಮೆಯಾಗಿತ್ತು.

ಓದಿದ ಪಾಠದಂತೆ, "ನಿಮ್ಮನ್ನೂ ದಿನೇಶನನ್ನೂ ಬಿಡಿಸಿ" ಎಂದೆ. ಅವರು ಪೆನ್ಸಿಲ್ ಕೆಳಗಿಟ್ಟರು.

"ಮನುಷ್ಯರ ಚಿತ್ರ ನಾನು ಬಿಡಿಸುವುದಿಲ್ಲ ಟೀಚರ್. ನಮ್ಮ ಮನೆಯಲ್ಲಿ ಅದು ಆಗುವುದಿಲ್ಲ."

"ಜಾಗ ಬಿಡಿಸಬಹುದಾ?"

ಪೆನ್ಸಿಲ್ ಮತ್ತೆ ಎತ್ತಿಕೊಂಡು, "ಜಾಗಕ್ಕೆ ಎಂತ, ಬಿಡಿಸುವಾ" ಎಂದರು.

ಅಲ್ಲಿಂದ ವಾರವಾರವೂ ಹಾಳೆಯಲ್ಲಿ ರಸ್ತೆ ಬಂತು. ಪೆಟ್ರೋಲ್ ಪಂಪು, ಚಾಯದ ಅಂಗಡಿ, ಖರ್ಜೂರದ ಮರ. ರಸ್ತೆ ಪ್ರತಿಸಲವೂ ಒಂದು ಸರ್ಕಲ್‌ನ ಹತ್ತಿರ ನಿಲ್ಲುತ್ತಿತ್ತು. ಮುಂದಕ್ಕೆ ನಾನು ಒತ್ತಾಯಿಸಲಿಲ್ಲ. ಒಂದು ದಿನ ಅವರೇ ಸರ್ಕಲ್ ದಾಟಿಸಿ, ಲಾರಿಯನ್ನೂ ಬಿಡಿಸಿ, ಮುಖ ಮುಚ್ಚಿಕೊಂಡು ಜೋರಾಗಿ ಅತ್ತರು. ಕಣ್ಣೊರೆಸಿಕೊಂಡ ಮೇಲೆ, "ಬೆಳ್ಳೂರಿಗೆ ಹೋಗುವಾ ಟೀಚರ್. ನೀವೂ ಬರಬೇಕು" ಎಂದರು.

ಸರೋಜಕ್ಕ ನಮ್ಮನ್ನು ಜಗಲಿಯಲ್ಲಿ ಕೂರಿಸಿ ನೀರು ಬೆಲ್ಲ ತಂದಿಟ್ಟರು. ಅಪಘಾತದ ಬಗ್ಗೆ ಕೇಳುತ್ತಾರೆಂದುಕೊಂಡಿದ್ದೆ. ಅವರು ಕೇಳಿದ್ದೇ ಬೇರೆ.

"ಅವ ಎಲ್ಲಿ ಮಲಗ್ತಿದ್ದ ಮಗಾ? ಕೋಣೆ ಹೇಗೆ ಉಂಟು? ಫೋನಿನಲ್ಲಿ ಯಾವಾಗ್ಲೂ ಅವನ ಮೋರೆ ಮಾತ್ರ ಕಾಣ್ತಿತ್ತು."

ಹಮೀದ್ ನನ್ನ ಚೀಲದಿಂದ ಹಾಳೆ ತೆಗೆದುಕೊಂಡು ನೆಲದ ಮೇಲೇ ಹರವಿ ಬಿಡಿಸತೊಡಗಿದರು. ಎರಡು ಮಂಚ, ಕಿಟಕಿ, ಹಗ್ಗದ ಮೇಲೆ ಲುಂಗಿ, ಮೂಲೆಯಲ್ಲಿ ಕುಕ್ಕರ್. ಮನುಷ್ಯರಿಲ್ಲ. ಒಂದು ಮಂಚದ ಕೆಳಗೆ ಒಂದು ಚಪ್ಪಲಿ ನೆಟ್ಟಗೆ, ಇನ್ನೊಂದು ಕವುಚಿ ಬಿದ್ದದ್ದು. ಸರೋಜಕ್ಕ ಬಗ್ಗಿ ನೋಡಿದವರು ಫಕ್ಕನೆ ನಕ್ಕರು.

"ಇದು ಅವನದ್ದೇ! ಇಲ್ಲಿಯೂ ಹೀಗೇ ಬಿಸಾಡ್ತಿದ್ದ." ನಗುತ್ತಲೇ ಅತ್ತರು.

"ಗಾಡಿ ಬಿಡ್ತಿದ್ದದ್ದು ನಾನೇ ಅಮ್ಮ" ಎಂದರು ಹಮೀದ್.

"ಗೊತ್ತುಂಟು. ನೀನೂ ಬಾರದಿದ್ದರೆ ಅವನ ಸುದ್ದಿ ನಾನು ಯಾರ ಹತ್ರ ಕೇಳುವುದು?"

ಹಮೀದ್ ಸರೋಜಕ್ಕನ ಕೈ ಹಿಡಿದುಕೊಂಡು, ಅಲ್ಲಿ ದಿನೇಶ ಮಾಡುತ್ತಿದ್ದ ಮೀನುಸಾರಿನ ಕಥೆ ಹೇಳತೊಡಗಿದರು. ಅಷ್ಟು ಮಾತು ಅವರ ಬಾಯಲ್ಲಿ ನಾನು ಕೇಳಿರಲೇ ಇಲ್ಲ. ಆ ಹೊತ್ತು ನನ್ನ ಕೆಲಸದ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಈ ಇಬ್ಬರ ಬಗ್ಗೆ, ಎದೆಯುಬ್ಬುವಷ್ಟು ಹೆಮ್ಮೆಯಾಯಿತು.

ಹೊರಡುವಾಗ ಸರೋಜಕ್ಕ ನನ್ನತ್ತ ತಿರುಗಿದರು. "ನಿಮ್ಮದು ದೂರದ ಊರಲ್ವಾ ಟೀಚರ್? ನೀವು ಇಲ್ಲಿ ಇರುವ ಕೋಣೆ ನಿಮ್ಮ ಅಮ್ಮನಿಗೆ ಗೊತ್ತುಂಟಾ?"

ಉಪ್ಪಳಕ್ಕೆ ಬಂದವಳೇ ಹಾಳೆ ಹರವಿ ಕೂತೆ. ಮಂಚ ಬಂತು, ಮೇಜು ಬಂತು, ತೆಂಗು ಕಾಣುವ ಕಿಟಕಿ ಬಂತು. ಬಾಗಿಲು ಬಿಡಿಸಿ ಮುಗಿಸಿ ನೋಡಿದರೆ, ಅದು ವಿಜಯಪುರದ ನಮ್ಮ ಮನೆಯ ಬಾಗಿಲು. ಅಳಿಸಲು ಮನಸ್ಸಾಗದೆ, ಹಾಗೆಯೇ ಅವ್ವನಿಗೆ ಕಳಿಸಿದೆ.